ದಿಲ್ಲಿಯ ಮೇಲಿನ ಖಾಲಿ ಚೌಕ

ಇಂಟರ್‌ನೆಟ್ಟಿನ ಮೇಲಧಿಕಾರಿ ಯಾರು ಎಂದು ನನ್ನನ್ನು ಮೊದಲು ಕೇಳಿದವರು ದೇಸಾಯಿ ಸಾಹೇಬರು. ಕೇಳಿದ್ದು ಜಗತ್ತಿನ ಮೇಲಿನ ಕಾಳಜಿಯಿಂದಲ್ಲ, ತಪಾಸಣೆಯ ಹೆದರಿಕೆಯಿಂದ. ತೊಂಬತ್ತರ ದಶಕದ ಕೊನೆಯ ದಿನಗಳು. ಬಾಗಲಕೋಟೆಯ ನಮ್ಮ ಟೆಲಿಫೋನ್ ಆಫೀಸಿಗೆ ಇಂಟರ್‌ನೆಟ್ಟಿನ ಯಂತ್ರ ಬಂದು ಹದಿನೈದು ದಿನವಾಗಿತ್ತು. ಅದಕ್ಕೆ ಏಸಿ ಇರುವ ಕೋಣೆ ಕೊಟ್ಟಿದ್ದರು, ಸಾಹೇಬರ ಕೋಣೆಗೆ ಫ್ಯಾನು ಮಾತ್ರ. ಹೀಗಾಗಿ ಆ ಯಂತ್ರದ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ನಮೂನೆ ಸಿಟ್ಟು. ಮೇಲಿನವರು ನೋಡಲು ಬರುತ್ತಾರೆ, ಯಾರ ಮೇಲೆ ಯಾರು ಎಂಬುದನ್ನು ಚೌಕ ಚೌಕ ಹಾಕಿ ಗೋಡೆಗೆ ಒಂದು ನಕ್ಷೆ ತೂಗುಹಾಕು ಎಂದು ನನಗೆ ಹೇಳಿದರು.

ನಾನು ಬರೆದೆ. ಎಲ್ಲಕ್ಕಿಂತ ಕೆಳಗೆ ಇಳಕಲ್, ಹುನಗುಂದ, ಬಾದಾಮಿ. ಅವುಗಳ ಮೇಲೆ ಬಾಗಲಕೋಟೆ, ಅದರ ಮೇಲೆ ಬೆಂಗಳೂರು, ಅದರ ಮೇಲೆ ದಿಲ್ಲಿ. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ದಿಲ್ಲಿ ಮ್ಯಾಲ ಯಾರಲೇ ಸಂಗಪ್ಪ?"

"ಅಮೆರಿಕಾದಾಗ ಒಂದು ಸಂಸ್ಥಾ ಐತ್ರಿ. ಜಗತ್ತಿನ ಎಲ್ಲಾ ಇಂಟರ್‌ನೆಟ್ ಹೆಸರು, ನಂಬರು ಅವರ ಹಂತೇಕ ಇರತಾವ್ರಿ."

"ಸರಕಾರದ್ದೇನು?"

"ಅಲ್ರಿ. ಆದ್ರ ಅಲ್ಲಿ ಸರಕಾರದ ಒಂದು ಇಲಾಖೆ ಕರಾರು ಬರಕೊಟ್ಟು ಅವರ ಕಡೆ ಕೆಲಸ ಮಾಡಸ್ತೈತ್ರಿ."

ಸಾಹೇಬರ ಮುಖ ಅರಳಿತು. "ಗುತ್ತಿಗೆದಾರ ಅನ್ನು. ಅಷ್ಟ ಹೇಳಾಕ ಯಾಕ ತೊದಲ್ತಿ? ಚೌಕ ಹಾಕು, ಒಳಗ ಏನೂ ಬರೀಬ್ಯಾಡ. ಅದೂ ಪೆನ್ಸಿಲ್ಲಿನ್ಯಾಗ ಹಾಕು."

ತಪಾಸಣೆಗೆ ಬಂದವರು ದಿಲ್ಲಿಯ ಮೇಲಿನ ಆ ಖಾಲಿ ಚೌಕದ ಮುಂದೆ ಸ್ವಲ್ಪ ಹೊತ್ತು ನಿಂತರು. "ಹುದ್ದೆ ಇನ್ನೂ ಭರ್ತಿ ಆಗಿಲ್ರಿ" ಎಂದರು ನಮ್ಮ ಸಾಹೇಬರು. ಅವರು ತಲೆಯಾಡಿಸಿ ಮುಂದೆ ಹೋದರು. ಭರ್ತಿಯಾಗದ ಹುದ್ದೆಗಳನ್ನು ಅವರು ದಾರಿಯುದ್ದಕ್ಕೂ ನೋಡುತ್ತಲೇ ಬಂದಿದ್ದರು.

ಈಗ ಈ ಕೆಲಸಕ್ಕೆ ಸೇರುವವರಿಗೆ ಸಿಗುವ ತರಬೇತಿ ನಮಗೆ ಸಿಗಲಿಲ್ಲ. ನಮಗೆ ಸಿಕ್ಕವರು ದೇಸಾಯಿ ಸಾಹೇಬರು. ಅವರು ಕಲಿಸಿದ್ದು ಒಂದೇ ಪಾಠ, ಮತ್ತು ಅದನ್ನು ಬಹಳ ಚೆನ್ನಾಗಿ ಕಲಿಸಿದರು. "ಕಾಗದದ ಮ್ಯಾಲ ನಿನ್ನ ಹೆಸರು ಬರಬಾರದು. ಹುದ್ದೆ ಬರೀ. ಹೆಸರಿಗೆ ಮೆಮೊ ಬರತೈತಿ, ಹುದ್ದೆಗೆ ಯಾವ ನನಮಗಾನೂ ಮೆಮೊ ಕೊಡಂಗಿಲ್ಲ." ಮೂವತ್ತು ವರ್ಷ ನೌಕರಿ ಮಾಡಿ ಒಂದೂ ಮೆಮೊ ಇಲ್ಲದೆ ಹೊರಬಂದೆ. ಬೀಳ್ಕೊಡುವಾಗ ಅದನ್ನು ಹೊಗಳಿ ಮಾತಾಡಿದರು ಕೂಡ.

ಗೌರಕ್ಕ ಬಂದದ್ದು ಆ ತಪಾಸಣೆಯ ಮರುವರ್ಷ. ಇಳಕಲ್ಲಿನ ಒಂದು ಸಣ್ಣ ನೇಕಾರ ಸಂಘದ ಕಾರ್ಯದರ್ಶಿ. ಐವತ್ತರ ಹತ್ತಿರದ ಹೆಂಗಸು, ಮಾತು ನೆಟ್ಟಗೆ. ಬೇರೆ ಊರಿನಲ್ಲಿ ಯಂತ್ರದಲ್ಲಿ ಮಾಡಿದ ಸೀರೆಗೆ ಇಳಕಲ್ ಎಂದು ಹೆಸರಿಟ್ಟು ಮಾರುತ್ತಿದ್ದಾರೆ, ಕೈಮಗ್ಗದ್ದು ಇಲ್ಲಿದೆ ಎಂದು ದೂರದವರಿಗೆ ತೋರಿಸಲು ಇಂಟರ್‌ನೆಟ್ಟಿನಲ್ಲಿ ಒಂದು ಜಾಗ ಬೇಕು ಎಂದು ಕೇಳಿದರು. ಅವರ ಸಂಘದಲ್ಲಿ ಐದು ಮನೆಗಳು ಮಾತ್ರ ಅಪ್ಪಟ ರೇಷ್ಮೆ ಸೆರಗಿನ ಸೀರೆ ನೇಯುತ್ತಿದ್ದವು. ಅದನ್ನು ಊರಿನಲ್ಲಿ ಕೊಳ್ಳುವವರು ಕಡಿಮೆ. ಹೊರಗಿನ ಗಿರಾಕಿ ಬರದಿದ್ದರೆ ಆ ಐದು ಮಗ್ಗ ನಿಲ್ಲುತ್ತವೆ ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು.

ಹೆಸರು, ನಂಬರು, ಎರಡರ ಸಂಬಂಧ ಏನು ಎಂದು ನಾನು ಹಾಳೆಯ ಮೇಲೆ ಗೆರೆ ಎಳೆದು ತಿಳಿಸಲು ಹೊರಟೆ. ಗೌರಕ್ಕ ಅರ್ಧಕ್ಕೇ ತಡೆದರು.

"ಸೀರಿ ಮೈಯಿಗೂ ಸೆರಗಿಗೂ ಬ್ಯಾರೆ ಬ್ಯಾರೆ ನೂಲು ಇರತಾವು, ನಡುವ ಕೊಂಡಿ ಹಾಕಿ ಕೂಡಸ್ತೇವಿ. ಹಂಗ ಹೆಸರಿಗೂ ನಂಬರಿಗೂ ಕೊಂಡಿ. ಅಷ್ಟ ಅಲ್ರಿ?"

"ಅಷ್ಟ ರೀ ಅಕ್ಕಾರ."

"ಕೊಂಡಿ ಹಾಕಾವ್ರು ಯಾರ್ರಿ?"

ನಾನು ಅಮೆರಿಕ ಎಂದೆ. ಅವರು ಒಮ್ಮೆ ಹುಬ್ಬು ಏರಿಸಿದರು.

ಹುಬ್ಬಳ್ಳಿಯ ಒಬ್ಬ ಏಜೆಂಟ ಹೆಸರು ನೋಂದಾಯಿಸಿ ಕೊಡುತ್ತಿದ್ದ. ಊರಿನ ಹೆಸರಿಗೆ ಸೀರೆ ಸೇರಿಸಿ ಕೊನೆಗೊಂದು ಡಾಟ್ ಕಾಮ್. ಫಾರ್ಮು ತುಂಬಲು ಕುಳಿತೆ. ಮಾಲೀಕರು ಎಂಬಲ್ಲಿ ಸಂಘದ ಹೆಸರು ಬರೆಯಬೇಕಿತ್ತು. ಆದರೆ ಕೆಳಗೆ ಇ-ಮೇಲ್ ಕೇಳಿದ್ದರು, ಸಂಘಕ್ಕೆ ಆಗ ಇ-ಮೇಲ್ ಎಲ್ಲಿಯದು? ಮೇಲೊಂದು ಕೆಳಗೊಂದು ಬರೆದರೆ ಯಾರಾದರೂ ಆಕ್ಷೇಪಣೆ ತೆಗೆದಾರು ಎಂದುಕೊಂಡು ಎರಡೂ ಕಡೆ ಒಂದೇ ಬರೆದೆ: ಪ್ರಭಾರ ಅಧಿಕಾರಿ, ಇಂಟರ್‌ನೆಟ್ ವಿಭಾಗ, ಬಾಗಲಕೋಟೆ. ಇ-ಮೇಲ್ ಕೂಡ ಆ ಹುದ್ದೆಯದೇ. ಹೆಸರಿನ ಅವಧಿ ಮುಗಿಯುವ ಮೊದಲು ನೆನಪಿನ ಕಾಗದ ಅದಕ್ಕೇ ಬರುತ್ತದೆ, ನಾವು ನೋಡಿಕೊಳ್ಳುತ್ತೇವೆ ಎಂದು ಗೌರಕ್ಕನಿಗೆ ಭರವಸೆ ಕೊಟ್ಟೆ. ಸಾಹೇಬರಿಗೆ ಫಾರ್ಮು ತೋರಿಸಿದಾಗ "ಈಗ ನೀ ಖರೇ ನೌಕರ ಆದಿ ನೋಡು" ಎಂದರು. ಆ ಸಂಜೆ ಬಹಳ ಖುಷಿಯಾಗಿದ್ದೆ.

ಪುಟ ನಡೆಯಿತು. ಪುಣೆಯಿಂದ, ಸಿಂಗಪುರದಿಂದ ಸೀರೆ ಕೇಳಿ ಪತ್ರ ಬಂದವು. ಗೌರಕ್ಕ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಅವುಗಳನ್ನು ಛಾಪಿಸಿಕೊಂಡು ಹೋಗುತ್ತಿದ್ದರು. ಬಾಗಲಕೋಟೆಯ ಅರ್ಧ ಊರು ಆಗ ಆಣೆಕಟ್ಟಿನ ಹಿನ್ನೀರಿಗೆ ಹೆದರಿ ನವನಗರಕ್ಕೆ ಸಾಮಾನು ಸಾಗಿಸುತ್ತಿತ್ತು. ಪರಿಹಾರದ ಆಫೀಸಿನ ಮುಂದೆ ದಿನಾ ಜನ ಕುಳಿತಿರುತ್ತಿದ್ದರು. ಆ ಆಫೀಸಿಗೆ ಬಾಗಿಲು ಇತ್ತು, ಒಳಗೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಇದ್ದ. ಅದೆಷ್ಟು ದೊಡ್ಡ ಸೌಕರ್ಯ ಎಂಬುದು ನನಗೆ ಮುಂದೆ ತಿಳಿಯಿತು.

ಅಷ್ಟರಲ್ಲಿ ಒಂದು ಪ್ರಸಂಗ ನಡೆಯಿತು. ಒಂದು ಮಧ್ಯಾಹ್ನ ಫ್ಯಾಕ್ಸ್ ಬಂತು. ಇಂಟರ್‌ನೆಟ್ಟಿನಲ್ಲಿ ಯಾವುದೋ ಒಂದು ಪುಟ ದೇಶಕ್ಕೆ ಕೆಡುಕು, ಅದನ್ನು ಕೂಡಲೇ ಮುಚ್ಚಬೇಕು. ಒಂದು ಪುಟ ಮುಚ್ಚುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಕೋಣೆಗೆ ಕೀಲಿ ಹಾಕಲು ಬರದವನು ಇಡೀ ವಾಡೆಗೆ ಕೀಲಿ ಜಡಿದ ಹಾಗೆ, ಆ ಪುಟ ಇದ್ದ ಇಡೀ ತಾಣವನ್ನೇ ನಮ್ಮ ಯಂತ್ರದಿಂದ ಕಾಣದಂತೆ ಮಾಡಿದೆ. ಅದರಲ್ಲಿ ಸಾವಿರ ಮಂದಿಯ ಪುಟಗಳಿದ್ದವು. ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಮಹಾದೇವಪ್ಪನವರದೂ ಇತ್ತು. ಗುಹೆ ನೋಡಲು ಬರುವ ಪರದೇಶದವರು ಬರೆದದ್ದೆಲ್ಲ ಅವರಿಗೆ ಅದರ ಮೂಲಕವೇ ಮುಟ್ಟುತ್ತಿತ್ತು. ಮೂರನೇ ದಿನ ಅವರು ಆಫೀಸಿಗೆ ಬಂದರು.

"ಯಾರ ಹುಕುಂ ಇದು?"

"ಮ್ಯಾಲಿಂದ ಬಂದೈತ್ರಿ."

"ಮ್ಯಾಲಿಂದ ಅಂದ್ರ ಯಾರು?"

"ಅದು ಗೌಪ್ಯ ಐತ್ರಿ."

"ಯಾವ ಪುಟ ಅಂತಾರ ಹೇಳ್ರಿ, ನಾ ಏನ್ ತಪ್ಪು ಬರದೇನಿ ನೋಡೋಣು."

"ಅದೂ ಗೌಪ್ಯ ರೀ."

ಮಹಾದೇವಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ಗುಡ್ಡದ ಮಂಗ್ಯಾಗೋಳು ಪಾಡ್ರಿ. ಕಸಕೊಂಡ ಮ್ಯಾಲ ಮಾರಿಯಾರ ತೋರಸ್ತಾವ" ಎಂದು ಹೇಳಿ ಎದ್ದು ಹೋದರು. ಕೆಲವು ದಿನಗಳ ನಂತರ ಇನ್ನೊಂದು ಫ್ಯಾಕ್ಸ್ ಬಂದು ಎಲ್ಲವೂ ತೆರೆಯಿತು. ಯಾಕೆ ಮುಚ್ಚಿದ್ದು, ಯಾಕೆ ತೆರೆದದ್ದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ "ಮ್ಯಾಲಿಂದ ಬಂದೈತಿ" ಎಂಬ ಮಾತಿನಲ್ಲಿ ಇರುವ ಸುಖ ನನಗೆ ಆಗ ಹತ್ತಿತು.

ಮುಂದೆ ನನಗೆ ಹುನಗುಂದಕ್ಕೆ ವರ್ಗವಾಯಿತು. ಚಾರ್ಜು ಕೊಡುವಾಗ ಎಲ್ಲ ಪಾಸ್‌ವರ್ಡುಗಳನ್ನು ಒಂದು ಲಕೋಟೆಯಲ್ಲಿಟ್ಟು, ಅರಗು ಹಾಕಿ, ಮೇಲೆ ದೊಡ್ಡದಾಗಿ ಗೌಪ್ಯ ಎಂದು ಬರೆದು, ನನ್ನ ಜಾಗಕ್ಕೆ ಬಂದವರ ಸಹಿ ತೆಗೆದುಕೊಂಡೆ. ಕೆಲಸ ಎಷ್ಟು ಶಿಸ್ತಾಗಿತ್ತೆಂದರೆ, ಗೌಪ್ಯ ಎಂದು ಬರೆದದ್ದನ್ನು ಒಡೆಯುವ ಧೈರ್ಯ ಅವರಿಗೆ ಬರಲಿಲ್ಲ. ಅವರು ಅದನ್ನು ಕಪಾಟಿನಲ್ಲಿಟ್ಟು ತಮ್ಮ ನಂತರದವರಿಗೆ ಹಾಗೆಯೇ ಕೊಟ್ಟರು, ಆ ಪುಣ್ಯಾತ್ಮರೂ ಸಹಿ ಮಾಡಿ ಹಾಗೆಯೇ ಇಟ್ಟುಕೊಂಡರು. ಸಂಘಕ್ಕೆ ಅಷ್ಟರಲ್ಲಿ ಸ್ವಂತ ಇ-ಮೇಲ್ ಆಗಿತ್ತು, ಸೀರೆ ಕೇಳುವ ಪತ್ರಗಳು ಅದಕ್ಕೇ ಬರುತ್ತಿದ್ದವು. ಹೀಗಾಗಿ ಆ ಹುದ್ದೆಯ ಇ-ಮೇಲನ್ನು ವರ್ಷಗಟ್ಟಲೆ ಯಾರೂ ತೆರೆಯಲಿಲ್ಲ. ಹೆಸರಿನ ಅವಧಿ ಮುಗಿಯುತ್ತದೆ ಎಂದು ನೆನಪಿಸುವ ಕಾಗದಗಳು ಅದರಲ್ಲಿ ಬಂದು ಬಿದ್ದವು. ಹುಬ್ಬಳ್ಳಿಯ ಏಜೆಂಟ ಆ ವೇಳೆಗೆ ಅಂಗಡಿ ಮುಚ್ಚಿ ಮೊಬೈಲ್ ಮಾರುತ್ತಿದ್ದ.

ಒಂದು ಬೆಳಗ್ಗೆ ಗೌರಕ್ಕ ಹುನಗುಂದದ ಆಫೀಸಿಗೆ ಬಂದು ನನ್ನ ಎದುರು ಕುಳಿತರು.

"ಸಾಹೇಬ್ರ, ನಮ್ಮ ಹೆಸರು ಒತ್ತಿದ್ರ ಬ್ಯಾರೆ ಯಾರದೋ ಸೀರಿ ಬರಾಕತ್ತಾವ. ಎಲ್ಲಾ ಯಂತ್ರದ ಮಾಲು. ಪುಣೆದವ್ರು ಫೋನ್ ಮಾಡಿ, ನೀವೂ ಇದನ್ನ ಮಾರಾಕ ಹತ್ತೀರೇನು ಅಂತ ಕೇಳಿದ್ರು."

ತೆರೆದು ನೋಡಿದೆ. ಹೆಸರಿನ ಅವಧಿ ಮುಗಿದಿತ್ತು, ಪರದೇಶದ ಯಾವನೋ ಅದನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದ. ಬಾಗಲಕೋಟೆಗೆ ಫೋನ್ ಮಾಡಿ ಲಕೋಟೆ ಒಡೆಸಿದೆ. ಮೂರು ನೆನಪಿನ ಕಾಗದಗಳು ಸಾಲಾಗಿ ಕಾಯುತ್ತಿದ್ದವು. ತಪ್ಪು ಯಾರದು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಗೌರಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಾಗೈತ್ರಿ?"

"ಅಮೆರಿಕಾದವ್ರು ಬ್ಯಾರೆದವ್ರಿಗೆ ಕೊಟ್ಟಬಿಟ್ಟಾರ್ರಿ ಅಕ್ಕಾರ."

ಅದು ಸುಳ್ಳಲ್ಲ, ಖರೆಯೂ ಅಲ್ಲ. ಗೌರಕ್ಕ ಸೆರಗು ಸರಿಮಾಡಿಕೊಂಡು, "ಧರಣಿ ಯಾರ ಮುಂದ ಕೂಡಬೇಕ್ರಿ?" ಎಂದು ಕೇಳಿದರು. ನನಗೆ ಆ ಖಾಲಿ ಚೌಕ ನೆನಪಾಗಿ ನಗು ಬಂತು, ಅವರ ಮುಖ ನೋಡಿ ನಗು ಹೋಯಿತು.

ಧರಣಿ ಕೂಡಲು ಜಾಗವಿಲ್ಲದ್ದರಿಂದ ಅರ್ಜಿ ಕೊಡುವುದೆಂದಾಯಿತು. ಸಂಘ ಠರಾವು ಮಾಡಿತು. ಅದಕ್ಕೆ ತಹಶೀಲ್ದಾರರ ಸಿಕ್ಕೆ ಬಿತ್ತು, ಜಿಲ್ಲಾ ಕಚೇರಿಯ ಪತ್ರ ಸೇರಿತು, ಒಬ್ಬ ಜನಪ್ರತಿನಿಧಿಯ ಶಿಫಾರಸು ಬಂತು. ಕಟ್ಟು ದಪ್ಪವಾಗಿ ದಿಲ್ಲಿಗೆ ಹೋಯಿತು. ಇಳಕಲ್ಲಿನಲ್ಲಿ ಒಂದು ಸಭೆಯೂ ನಡೆದು, ನಮ್ಮ ಸೀರೆಯ ಹೆಸರನ್ನು ಒಂದು ಪರದೇಶ ಹೇಗೆ ಆಳುತ್ತದೆ ಎಂದು ಒಬ್ಬರು ಗಂಟಲು ಹರಿಯುವ ಹಾಗೆ ಭಾಷಣ ಮಾಡಿದರು. ಬಹಳ ಚಪ್ಪಾಳೆ ಬಿದ್ದವು. ನನ್ನನ್ನೂ ವೇದಿಕೆಯ ಮೇಲೆ ಕೂಡಿಸಿದ್ದರು.

ಏಳೆಂಟು ತಿಂಗಳಿಗೆ ದಿಲ್ಲಿಯಿಂದ ಉತ್ತರ ಬಂತು. ಇಂಟರ್‌ನೆಟ್ಟು ಒಂದೇ ದೇಶದ ಹತೋಟಿಯಲ್ಲಿ ಇರಬಾರದು ಎಂಬುದನ್ನು ಸರಕಾರ ಜಗತ್ತಿನ ಮುಂದೆ ಹೇಳುತ್ತ ಬಂದಿದೆ, ತಮ್ಮ ಅರ್ಜಿಯನ್ನು ಆ ದಿಸೆಯಲ್ಲಿ ಗಮನಿಸಲಾಗಿದೆ ಎಂದು ಎರಡು ಪುಟ. ನಾನು ಕನ್ನಡದಲ್ಲಿ ಓದಿ ಹೇಳಿದೆ.

"ಸೀರಿ ಬಗ್ಗೆ ಏನ್ ಬರದಾರ್ರಿ?"

"ಸೀರಿ ಬಗ್ಗೆ ಏನಿಲ್ರಿ."

"ಮತ್ತ ಎರಡು ಹಾಳಿ ತುಂಬ ಯಾರ ಬಗ್ಗೆ ಬರದಾರ?"

"ದೇಶದ ಬಗ್ಗೆ ರೀ."

ಗೌರಕ್ಕ ಕಾಗದ ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಐದು ಮಗ್ಗಗಳಲ್ಲಿ ಎರಡು ಆಗಲೇ ನಿಂತಿದ್ದವು.

ಅದೇ ಸುಮಾರಿಗೆ ಹೈದರಾಬಾದಿನಲ್ಲಿ ಇಂಟರ್‌ನೆಟ್ಟನ್ನು ಯಾರು ನಡೆಸಬೇಕು ಎಂದು ಮಾತಾಡಲು ದೇಶವಿದೇಶದ ಮಂದಿ ಸೇರುತ್ತಾರೆ ಎಂದು ತಿಳಿಯಿತು. ಯಾರು ಬೇಕಾದರೂ ಬರಬಹುದಂತೆ. ಗೌರಕ್ಕ ಹಟ ಹಿಡಿದರು. ಭಾಷೆಗಾಗಿ ನಾನು ರಜೆ ಹಾಕಿ ಜೊತೆಗೆ ಹೋದೆ. ದೊಡ್ಡ ಸಭಾಂಗಣ, ಕೊರಳಿಗೆ ತೂಗುವ ಚೀಟಿ, ಕಿವಿಗೆ ಸಿಕ್ಕಿಸುವ ಯಂತ್ರ. ವೇದಿಕೆಯ ಮೇಲಿದ್ದವರು ಉತ್ತರದಾಯಿತ್ವ ಎಂಬ ಮಾತನ್ನು ಎಷ್ಟು ಸಲ ಆಡಿದರೆಂದರೆ ನಾನು ಎಣಿಸುವುದನ್ನು ಬಿಟ್ಟೆ. ಪ್ರಶ್ನೆ ಕೇಳಬಹುದು ಎಂದದ್ದೇ ತಡ, ಗೌರಕ್ಕ ಎದ್ದು ಮೈಕಿನ ಮುಂದೆ ನಿಂತರು. ಉಟ್ಟದ್ದು ತಮ್ಮ ಸಂಘದ ಸೀರೆಯೇ.

"ನಮ್ಮ ಹೆಸರು ಹೋಗೈತ್ರಿ. ಅರ್ಜಿ ತಂದೇನಿ. ಯಾರ ಕೈಯಾಗ ಕೊಡಲಿ, ಅಷ್ಟ ಹೇಳ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಒಂದು ದೇಶದ ಅಧಿಕಾರಿ, ಇಂಥದ್ದಕ್ಕೇ ಸರಕಾರಗಳ ಕೈಗೆ ಅಧಿಕಾರ ಬೇಕು ಎಂದರು. ಒಬ್ಬ ಕಂಪನಿಯವರು, ಸರಕಾರ ಬಂದರೆ ಕೆಟ್ಟಿತು ಎಂದರು. ಮೂರನೆಯವರು, ಎಲ್ಲರೂ ಸಮಾನವಾಗಿ ಕೂಡಿ ಕೂತು ಮಾತಾಡಬೇಕು, ಈಗ ಮಾತಾಡುತ್ತಿದ್ದೇವಲ್ಲ ಎಂದರು. ಗೌರಕ್ಕ ಅರ್ಜಿ ಹಿಡಿದುಕೊಂಡೇ ಬಂದು ಕುಳಿತರು. ಅದನ್ನು ಇಸಿದುಕೊಳ್ಳಲು ಯಾರೂ ಕೈ ಚಾಚಿರಲಿಲ್ಲ.

ಊಟದ ಹೊತ್ತಿಗೆ ಒಬ್ಬ ಬಿಳಿಯ ಹೆಂಗಸು ನಮ್ಮನ್ನು ಹುಡುಕಿಕೊಂಡು ಬಂದರು. ಹೆಸರುಗಳ ಆ ಅಮೆರಿಕದ ಸಂಸ್ಥೆಯಲ್ಲೇ ಕೆಲಸ ಮಾಡುವವರು. ಎದುರಿಗೇ ಕುಳಿತು ಅರ್ಜಿಯನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ ಅವರು ಹೇಳಿದ್ದು ಇಷ್ಟು: ಮಂತ್ರಿಗಳ ಪತ್ರ ತಂದರೆ ಹೆಸರು ತಿರುಗಿ ಬರುವುದಿಲ್ಲ, ಹಾಗೆ ಬರತೊಡಗಿದರೆ ನಾಳೆ ಯಾವ ಮಂತ್ರಿಯಾದರೂ ಯಾರ ಹೆಸರನ್ನಾದರೂ ಕಿತ್ತುಕೊಳ್ಳಬಹುದು. ಆದರೆ ತಂಟೆ ಬಗೆಹರಿಸಲು ಪಂಚರಿದ್ದಾರೆ, ಅವರ ಮುಂದೆ ಹೋಗಬಹುದು. ತೊಡಕು ಒಂದೇ. ಹಳೆಯ ಫಾರ್ಮಿನಲ್ಲಿ ಮಾಲೀಕ ಎಂದು ಇರುವುದು ಸಂಘವಲ್ಲ, ಯಾವುದೋ ಹುದ್ದೆ. ಆ ಫಾರ್ಮು ತುಂಬಿದ ಮನುಷ್ಯ, ನಾನು ಇದನ್ನು ಸಂಘದ ಪರವಾಗಿ ತುಂಬಿದೆ ಎಂದು ತನ್ನ ಹೆಸರು ಹಾಕಿ ಒಂದು ಪುಟ ಬರೆದುಕೊಟ್ಟರೆ ಸಂಘಕ್ಕೆ ಕೇಳುವ ಹಕ್ಕು ಬರುತ್ತದೆ ಎಂದರು.

ಅಷ್ಟು ವರ್ಷಗಳಲ್ಲಿ ಇಂಟರ್‌ನೆಟ್ಟಿನ ಬಗ್ಗೆ ನನಗೆ ಸಿಕ್ಕ ಒಂದೇ ನೇರ ಉತ್ತರ ಅದು. ಅದನ್ನು ಕನ್ನಡಕ್ಕೆ ತಿರುಗಿಸಬೇಕಾದವನು ನಾನು.

"ಏನಂತಾರ್ರಿ?" ಎಂದರು ಗೌರಕ್ಕ.

"ಒಂದು ಕಾಗದ ಬೇಕಂತ್ರಿ."

"ಯಾರದು?"

"ಫಾರ್ಮು ತುಂಬಿದವರದು."

"ತುಂಬಿದವ್ರು ನೀವ ಅಲ್ಲೇನ್ರಿ?"

"ನಾ ಹುದ್ದೆದಿಂದ ತುಂಬಿದ್ದೆ ರೀ."

ಗೌರಕ್ಕ ನನ್ನನ್ನೇ ನೋಡಿದರು. ಆ ಹೆಂಗಸೂ ನೋಡಿದರು. ಭಾಷೆ ಬಾರದಿದ್ದರೂ ಆಕೆಗೆ ವಿಷಯ ತಿಳಿದಿತ್ತು ಎಂದು ನನಗೆ ಈಗಲೂ ಅನುಮಾನ. ನಾನು ಸರಕಾರಿ ನೌಕರ, ಇಂಥ ಕಾಗದಕ್ಕೆ ಮೇಲಿನವರ ಪರವಾನಗಿ ಬೇಕು ಎಂದೆ. "ಕೇಳ್ರಿ ಹಂಗಾರ" ಎಂದರು ಗೌರಕ್ಕ.

ಕೇಳಿದೆ, ಅದೂ ಕ್ರಮಬದ್ಧವಾಗಿ. ಹುನಗುಂದದಿಂದ ಬಾಗಲಕೋಟೆಗೆ, ಅಲ್ಲಿಂದ ಬೆಂಗಳೂರಿಗೆ. ಕಡತ ತಿರುಗಿ ಬಂದಾಗ ಅದರ ಮೇಲೆ ಒಂದು ಪ್ರಶ್ನೆ ಇತ್ತು: ಖಾಸಗಿ ಸಂಘದ ಕೆಲಸಕ್ಕೆ ಆಫೀಸಿನ ಇ-ಮೇಲ್ ಬಳಸಿದ ನೌಕರ ಯಾರು? ನಿವೃತ್ತಿಗೆ ಒಂದು ವರ್ಷ ಎಂಟು ತಿಂಗಳು ಉಳಿದಿತ್ತು. ವಿಚಾರಣೆ ಶುರುವಾದರೆ ಪೆನ್ಶನ್ ನಿಲ್ಲುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಹೆದರಿಸಿದರು. ನಾನು ಉತ್ತರ ಬರೆದೆ: ಆ ಕಾಲದಲ್ಲಿ ಆ ಹುದ್ದೆಯಲ್ಲಿದ್ದ ಅಧಿಕಾರಿ. ಯಾರು ಎಂದು ಅವರು ಮತ್ತೆ ಕೇಳಲಿಲ್ಲ. ಕಡತ ಮುಗಿಯಿತು.

ಒಂದು ಪುಟ, ಒಂದು ಸಹಿ. ಯಾವ ಬೆಳಗ್ಗೆಯಾದರೂ ಚಹಾ ಕುಡಿಯುವಷ್ಟರಲ್ಲಿ ಬರೆದುಕೊಡಬಹುದಿತ್ತು. ಹೆದರಿದೆ. ಇದಕ್ಕೆ ಬೇರೆ ಶಬ್ದ ಹುಡುಕಿದರೆ ನನಗೇ ನಾಚಿಕೆ. ಗೌರಕ್ಕ ಎರಡು ಸಲ ಬಂದು ಕೇಳಿದರು, ಎರಡು ಸಲವೂ "ಮ್ಯಾಲೆ ಹೋಗೈತ್ರಿ" ಎಂದೆ. ಮೂರನೇ ಸಲ ಅವರು ಬರಲಿಲ್ಲ. ಸಂಘ ಉದ್ದನೆಯ ಹೊಸ ಹೆಸರೊಂದನ್ನು ತೆಗೆದುಕೊಂಡಿತು. ಹಳೆಯ ಗಿರಾಕಿಗಳಿಗೆ ಅದು ಸಿಗಲಿಲ್ಲ.

ನಿವೃತ್ತಿಯಾಗಿ ಹುನಗುಂದದಲ್ಲೇ ಉಳಿದೆ. ಎರಡನೇ ತಿಂಗಳು ಸಂಘದವರು ಇಳಕಲ್ಲಿಗೆ ಕರೆದು ನನಗೆ ಸನ್ಮಾನ ಮಾಡಿದರು. ಪೆನ್ಶನ್ನಿನ ಆದೇಶ ಕೈಗೆ ಬಂದಿತ್ತು. ಅಂಗಿಯ ಕಿಸೆಯಲ್ಲಿ ಆ ಒಂದು ಪುಟವನ್ನು ಬರೆದು, ಹೆಸರು ಹಾಕಿ, ಸಹಿ ಮಾಡಿ ಇಟ್ಟುಕೊಂಡೇ ಹೋಗಿದ್ದೆ. ಗೌರಕ್ಕ ಎಲ್ಲರ ಮುಂದೆ ಎದ್ದು ನಿಂತು, ನಮ್ಮ ಹೆಸರು ಅಮೆರಿಕಾದವರು ಕಸಕೊಂಡರು, ಅವರ ಜೋಡಿ ಈ ಸಾಹೇಬರು ಹೈದರಾಬಾದಿನ ತನಕ ಹೋಗಿ ಬಡಿದಾಡಿದರು ಎಂದು ಹೇಳಿ ಶಾಲು ಹೊದಿಸಿದರು. ನಾನು ಕೈಮುಗಿದು ಹೊದಿಸಿಕೊಂಡೆ.

ಮಂದಿ ಚದುರಿದ ಮೇಲೆ ಕಾಗದ ತೆಗೆದು ಅವರ ಕೈಯಲ್ಲಿಟ್ಟೆ. ಓದಿಸಿಕೊಳ್ಳದೆಯೇ ಅದೇನು ಎಂದು ಅವರಿಗೆ ತಿಳಿಯಿತು.

"ಐದನೇ ಮಗ್ಗಾನೂ ಬಿಚ್ಚಿದ್ವಿ ರೀ ಸಾಹೇಬ್ರ, ದೀಪಾವಳಿ ಮುಂದ. ನೇಯಾಕಿ ಹನುಮವ್ವ ಗ್ರಾನೈಟ್ ಪಾಲಿಶಿಗೆ ಹೋಗಾಕತ್ತಾಳ. ಹೆಸರು ಬಂದ್ರೂ ಇನ್ನ ಅದರ ಹಿಂದ ಸೀರಿ ಇಲ್ಲ" ಎಂದು ಕಾಗದವನ್ನು ತಿರುಗಿ ನನ್ನ ಕೈಗೇ ಕೊಟ್ಟರು.

ಕಾಗದವನ್ನು ಮತ್ತೆ ಕಿಸೆಗೆ ಹಾಕಿಕೊಂಡೆ. ತಡೆಯಲಾರದೆ ಕೇಳಿಬಿಟ್ಟೆ. "ಅಕ್ಕಾರ, ಎಲ್ಲಾ ಗೊತ್ತಿದ್ದೂ ಮಂದಿ ಮುಂದ ಅಮೆರಿಕಾ ಅಂತ ಯಾಕ ಹೇಳಿದ್ರಿ?"

"ಅಮೆರಿಕಾ ದೂರ ಐತ್ರಿ, ಅವರ ಮ್ಯಾಲ ಸಿಟ್ಟು ಇಟಗೊಂಡು ಬಾಳೇ ಮಾಡಬಹುದು" ಎಂದರು ಗೌರಕ್ಕ, ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತ. "ನೀವು ಹುನಗುಂದ ಬಸ್‌ಸ್ಟ್ಯಾಂಡಿನ್ಯಾಗ ಹೋದಾಗೊಮ್ಮೆ ಎದುರಿಗೆ ಬರಾವ್ರು."